ಬೀಗದ ಕೋಣೆಯ ಗಣಕಯಂತ್ರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಶಾಲೆಯ ಹಳೆಯ ದಿನಗಳ ಕುರಿತು ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನನಗೆ ಮೊದಲು ನೆನಪಾದುದು ನನ್ನದೇ ಒಂದು ತಪ್ಪು. 1975ರಲ್ಲಿ ಶಾಲೆ ಆರಂಭವಾದ ವರ್ಷವೇ ಸಹಾಯಕ ಅಧ್ಯಾಪಕನಾಗಿ ಸೇರಿ, 2006ರಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಹಂಚಿನ ಮಾಡು, ಬಾವಿ, ಆಟದ ಬಯಲು ಇವೆಲ್ಲ ಊರವರ ಶ್ರಮದಾನದಿಂದ ಆದ ಕಥೆಯನ್ನು ಇತರರು ಬರೆದಿರುತ್ತಾರೆ. ನಾನು ಒಂದು ಗಣಕಯಂತ್ರದ ವಿಚಾರವನ್ನು ಹೇಳುತ್ತೇನೆ.

2003ರಲ್ಲಿ ಗಲ್ಫಿನಲ್ಲಿದ್ದ ನಮ್ಮ ಹಳೆ ವಿದ್ಯಾರ್ಥಿಗಳು ಕೂಡಿ ಶಾಲೆಗೊಂದು ಕಂಪ್ಯೂಟರನ್ನು ಕೊಡುಗೆಯಾಗಿ ನೀಡಿದರು. ದೀಪ ಬೆಳಗಿಸಿ ಸಭೆ ನಡೆಸಿ ಅದನ್ನು ಆಫೀಸಿನ ಪಕ್ಕದ ಕೋಣೆಯಲ್ಲಿರಿಸಿದೆವು. ಧೂಳು ತಾಗದಂತೆ ಬಟ್ಟೆಯ ಹೊದಿಕೆಯನ್ನು ಹೊಲಿಸಿದೆ. ಬೀಗದ ಕೈ ನನ್ನ ಜೇಬಿನಲ್ಲಿಯೇ ಇರುತ್ತಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ಕಿಟಿಕಿಯ ಬಳಿ ನಿಂತು ನೋಡುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, “ಮಾಸ್ಟ್ರೇ, ಒಂದು ಸಲ ಮುಟ್ಟಿ ನೋಡಲಾ?” ಎಂದು ಕೇಳಿದಳು. “ಮೊದಲು ಕಲಿತುಕೋ, ಆಮೇಲೆ ಮುಟ್ಟುವಿಯಂತೆ” ಎಂದು ಗದರಿಸಿ ಕಳುಹಿಸಿದೆ. ಮುಟ್ಟದೆ ಕಲಿಯುವುದು ಹೇಗೆಂದು ಆ ಮಗು ಕೇಳಲಿಲ್ಲ.

ವಿದ್ಯುತ್ತಿನ ಏರಿಳಿತ, ರಿಪೇರಿಯ ಖರ್ಚು ಎಂದು ನಾನು ಎಲ್ಲರಿಗೂ ಕಾರಣ ಹೇಳುತ್ತಿದ್ದೆ. ನಿಜವಾದ ಕಾರಣ ಬೇರೆಯಾಗಿತ್ತು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನನಗೆ ಆ ಪರದೆಯ ಮೇಲೆ ಮೂಡುತ್ತಿದ್ದ ಇಂಗ್ಲಿಷು ತಿಳಿಯುತ್ತಿರಲಿಲ್ಲ. ಮಕ್ಕಳ ಮುಂದೆ ತಪ್ಪಿದರೆ ಮಾನ ಹೋದೀತೆಂಬ ಅಳುಕು. ನಾನು ಬೀಗ ಹಾಕಿದ್ದು ಯಂತ್ರವನ್ನು ಕಾಪಾಡಲಿಕ್ಕಲ್ಲ, ನನ್ನ ಅಜ್ಞಾನವನ್ನು ಮರೆಮಾಡಲಿಕ್ಕೆ.

ಹೊಸ ಯಂತ್ರಗಳನ್ನು ಹಳ್ಳಿಯ ಜನರು ಬೇಗ ಒಪ್ಪುವುದಿಲ್ಲ, ಅವರಿಗೆ ವಿದ್ಯೆ ಸಾಲದು ಎಂದು ಹೇಳುವವರನ್ನು ಕಂಡಾಗ ನನಗೆ ನಮ್ಮ ಕಡಲ ತೀರದ ಮೀನುಗಾರರು ನೆನಪಾಗುತ್ತಾರೆ. 1997ರಲ್ಲಿ ಕೋಝಿಕ್ಕೋಡಿಗೆ ಬಂದ ಮೊಬೈಲು ಕಣ್ಣೂರನ್ನು ದಾಟಿ 2000ದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಕರಾವಳಿಗೆ ತಲುಪಿತು. ಅದಕ್ಕೆ ಮುಂಚೆ ದೋಣಿಗಳೆಲ್ಲ ಒಂದೇ ದಡಕ್ಕೆ ಬಂದರೆ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೇ ಚೆಲ್ಲಬೇಕಾಗುತ್ತಿತ್ತು. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರಿನೊಳಗಿನ ಇನ್ನೊಂದು ದಡದಲ್ಲಿ ವ್ಯಾಪಾರಿಗಳು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಮೊಬೈಲು ಬಂದ ಮೇಲೆ ಕಡಲಿನಿಂದಲೇ ಬೆಲೆ ವಿಚಾರಿಸಿ ದೋಣಿ ತಿರುಗಿಸತೊಡಗಿದರು. ಈ ಮೂರು ಜಿಲ್ಲೆಗಳ ತೀರವನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮೀನು ವ್ಯರ್ಥವಾಗುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು, ಕೊಳ್ಳುವವರಿಗೂ ಬೆಲೆ ಶೇಕಡಾ 4ರಷ್ಟು ಇಳಿಯಿತು. ಅವರಿಗೆ ಯಾರೂ ತರಬೇತಿ ಶಿಬಿರ ನಡೆಸಿರಲಿಲ್ಲ. ಪ್ರಯೋಜನ ಕಣ್ಣೆದುರಿಗಿತ್ತು, ಪಕ್ಕದ ದೋಣಿಯವನು ಬಳಸುವುದನ್ನು ನೋಡಬಹುದಿತ್ತು, ಮಾತನಾಡುವುದಕ್ಕೆ ತಮ್ಮ ಭಾಷೆಯೇ ಸಾಕಾಗಿತ್ತು. ಆ ಮೂರೂ ನನ್ನ ಬೀಗದ ಕೋಣೆಯಲ್ಲಿರಲಿಲ್ಲ.

ನನ್ನ ಅಳುಕು ಕಳೆದದ್ದು 2020ರಲ್ಲಿ. ಆ ವರ್ಷದ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗಾಗಿಯೂ ಪಾಠಗಳು ಸಿದ್ಧವಾದವು. ಮೂವರು ಮಕ್ಕಳಿಗೆ ಒಂದೇ ಫೋನು, ಅದೂ ಕೆಲಸಕ್ಕೆ ಹೋಗುವ ತಂದೆಯ ಕೈಯಲ್ಲಿ ಇದ್ದಂತಹ ಮನೆಗಳು ನಮ್ಮೂರಿನಲ್ಲಿ ಹಲವಿದ್ದವು. ನೆರೆಯ ಮಕ್ಕಳು ನನ್ನ ಫೋನನ್ನು ಕೇಳಿಕೊಂಡು ಜಗಲಿಗೆ ಬರತೊಡಗಿದರು. ಅವರು ಪಾಠ ನೋಡುವಾಗ ಅವರಿಂದ ನಾನು ಫೋನಿನ ಪಾಠ ಕಲಿತೆ. ಮೊಮ್ಮಗಳು ಅದರಲ್ಲಿ ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಟ್ಟಳು. “ಅಜ್ಜಾ, ತಪ್ಪಾದರೆ ಅಳಿಸಿದರಾಯಿತು” ಎಂದಳು. ಮೂವತ್ತೊಂದು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಎಷ್ಟು ಮಕ್ಕಳಿಗೆ ಹೀಗೆ ಹೇಳಿದ್ದೆನೆಂದು ಆ ರಾತ್ರಿ ಯೋಚಿಸಿದೆ.

ಇನ್ನೊಂದು ಘಟನೆಯನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಪಿಂಚಣಿಯ ಜೀವಂತ ಪ್ರಮಾಣಕ್ಕಾಗಿ ಅಕ್ಷಯ ಕೇಂದ್ರಕ್ಕೆ ಹೋಗಿದ್ದೆ. ನನಗಿಂತ ಮುಂದೆ ಬೀಡಿ ಕಟ್ಟುವ ವೃದ್ಧೆಯೊಬ್ಬರು ಕುಳಿತಿದ್ದರು. ವರ್ಷಾನುಗಟ್ಟಲೆ ಎಲೆ ಸುರುಟಿ ಸವೆದ ಅವರ ಬೆರಳಚ್ಚನ್ನು ಯಂತ್ರ ಗುರುತಿಸಲಿಲ್ಲ. ಮೂರು ಸಲ ಪ್ರಯತ್ನಿಸಿದ ಮೇಲೆ ಅವರು ತಪ್ಪು ಮಾಡಿದವರಂತೆ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಮೇಜಿನ ಆಚೆಗಿದ್ದ ಯುವತಿ ಎದ್ದು ಬಂದು ಅವರ ಪಕ್ಕದಲ್ಲಿ ಕುಳಿತು, “ಅಮ್ಮಾ, ನಿಮ್ಮ ಕೈಯದ್ದೇನೂ ತಪ್ಪಲ್ಲ, ಯಂತ್ರಕ್ಕೆ ಗೊತ್ತಾಗುವುದಿಲ್ಲ ಅಷ್ಟೆ. ಕಣ್ಣಿನ ಗುರುತು ನೋಡುವ” ಎಂದು ಸಮಾಧಾನ ಹೇಳಿದಳು. ಕೆಲಸವಾಯಿತು. ಆ ಯುವತಿ ನನ್ನನ್ನು ಕಂಡು, “ಮಾಸ್ಟ್ರೇ, ಗುರುತಾಯಿತಾ?” ಎಂದಳು. ಕಿಟಿಕಿಯ ಬಳಿ ನಿಂತಿದ್ದ ಹುಡುಗಿ ಅವಳೇ. ಹೈಸ್ಕೂಲಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತಳಂತೆ. ಆ ದಿನದ ಬಗ್ಗೆ ನಾನು ಕ್ಷಮೆ ಕೇಳಿದೆ. “ಅದೆಲ್ಲ ಬಿಡಿ ಮಾಸ್ಟ್ರೇ, ಬೆರಳಿಡಿ” ಎಂದು ನಕ್ಕಳು.

2025ರ ಆಗಸ್ಟಿನಲ್ಲಿ ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿತವಾಯಿತು. ಸಂತೋಷದ ಸಂಗತಿ. ಆದರೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬಂದ ಸಂದೇಶವನ್ನು ಓದಲಾಗದೆ, ಹಣ ಹೋದೀತೆಂದು ಹೆದರಿ ಫೋನನ್ನು ಕಪಾಟಿನಲ್ಲಿಡುವ ಹಿರಿಯ ಕನ್ನಡಿಗರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಅವರು ಹೊಸತನ್ನು ದ್ವೇಷಿಸುವವರಲ್ಲ. ತಿಳಿಯದು ಎಂದು ಹೇಳಿಕೊಳ್ಳಲು ನಾಚುವವರು. ಒಂದು ಕಾಲದಲ್ಲಿ ನಾನಿದ್ದಂತೆ. ಅವರಿಗೆ ಬೇಕಾದುದು ತಮ್ಮ ಭಾಷೆ, ತಪ್ಪು ಮಾಡುವ ಸ್ವಾತಂತ್ರ್ಯ, ಬೇಸರಿಸದೆ ಪಕ್ಕದಲ್ಲಿ ಕುಳಿತುಕೊಳ್ಳುವ ನಂಬಿಗಸ್ತ ಮನುಷ್ಯ.

ಈ ಮಹೋತ್ಸವದ ನೆನಪಿಗಾಗಿ ಶಾಲೆಗೆ ಯಂತ್ರಗಳನ್ನು ಕೊಡಲಿಚ್ಛಿಸುವ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ವರ್ಷಕ್ಕೆ ಕೆಲವು ದಿನಗಳನ್ನೂ ಕೊಡಿ. ಆದಿತ್ಯವಾರಗಳಂದು ಶಾಲೆಯ ಬಾಗಿಲು ತೆರೆದು ಊರಿನ ಹಿರಿಯರ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಿಕೊಡಿ. ಈ ಲೇಖನವನ್ನು ನಾನೇ ಒಂದೊಂದು ಅಕ್ಷರವಾಗಿ ಫೋನಿನಲ್ಲಿ ಒತ್ತಿ ಬರೆದಿದ್ದೇನೆ. ತಪ್ಪುಗಳಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ. ನಮ್ಮ ಶಾಲೆ ನೂರರ ಹಬ್ಬವನ್ನೂ ಕನ್ನಡದಲ್ಲಿಯೇ ಆಚರಿಸುವಂತಾಗಲಿ, ಅಂದು ಅದರ ಯಾವ ಕೋಣೆಗೂ ಮಕ್ಕಳ ಪಾಲಿಗೆ ಬೀಗವಿಲ್ಲದಿರಲಿ ಎಂದು ಹಾರೈಸುತ್ತೇನೆ.