ಚೆಂಡಿನಾಟದ ಲೆಕ್ಕವೂ ನಮ್ಮ ಲೆಕ್ಕವೂ

ಸಂಸ್ಕೃತದ ಮೇಷ್ಟರೊಬ್ಬರು ಅಮೆರಿಕದ ಚೆಂಡಿನಾಟದ ವಿಷಯವಾಗಿ ಬರೆಯಹೊರಟರೆಂದರೆ ವಾಚಕರು ನಗದೆ ಇರಲಾರರು. ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ಮೂವತ್ತುಮೂರು ವರ್ಷಗಳನ್ನು ಕಳೆದ ನಾವು ಜೀವಮಾನದಲ್ಲಿ ದಾಂಡು ಹಿಡಿದವರಲ್ಲ. ಹಿಡಿದದ್ದೇನಿದ್ದರೂ ಕೆಂಪು ಮಸಿಯ ಲೇಖನಿಯನ್ನು. ಆದರೂ ಬರೆಯದೆ ವಿಧಿಯಿಲ್ಲವಾಗಿದೆ. ಕಾರಣವು ಕಡೆಯಲ್ಲಿ ತಾನಾಗಿಯೇ ತಿಳಿಯುವುದು.

2025ರ ಬೇಸಗೆಯಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರುವ ಸಂದರ್ಭವೊದಗಿತು. ಆಕೆಯ ಸಂಸಾರವಿರುವುದು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ಪಟ್ಟಣಕ್ಕೆ ಸಮೀಪದಲ್ಲಿ. ನಮ್ಮ ದೌಹಿತ್ರನಿಗೆ ಹತ್ತು ವರ್ಷ ವಯಸ್ಸು. ಆತನಿಗೆ ಭಾರತದ ಕಥೆಯನ್ನು ಹೇಳಿಕೊಡಬೇಕೆಂದು ನಾವು ಹೋದೆವು. ಆತನು ನಮಗೆ ಬೇಸ್‌ಬಾಲಿನ ಕಥೆಯನ್ನು ಹೇಳಿಕೊಟ್ಟು ಕಳುಹಿಸಿದನು.

ಆಟದ ಕ್ರಮವನ್ನರಿಯದವರಿಗಾಗಿ ಎರಡು ಮಾತು. ನಮ್ಮ ಕ್ರಿಕೆಟ್ಟಿನಂತೆಯೇ ಇದರಲ್ಲಿಯೂ ಒಬ್ಬನು ಚೆಂಡನ್ನೆಸೆಯುವನು, ಇನ್ನೊಬ್ಬನು ದಾಂಡಿನಿಂದ ಹೊಡೆಯುವನು. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳುಂಟು. ಅವಕ್ಕೆ ಬೇಸ್ ಎಂದು ಹೆಸರು. ಹೊಡೆದವನು ಅವುಗಳನ್ನು ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ಓಟ. ಹೊಡೆದ ಬಲದಿಂದಲೇ ಬೇಸ್ ಸೇರಿದರೆ ಅದನ್ನು ಹಿಟ್ ಎನ್ನುವರು. ಚೆಂಡನ್ನು ಬೇಲಿಯಾಚೆಗೆ ಹಾರಿಸಿದರೆ ಹೋಂ ರನ್ ಎನ್ನುವರು. ಒಂದು ಪಕ್ಷದಲ್ಲಿ ಮೂವರು ಔಟಾದರೆ ಅವರ ಸರದಿ ತೀರಿತು. ಇಂಥ ಸರದಿಗಳು ಒಂಬತ್ತು. ಎಂದರೆ ಪಕ್ಷಕ್ಕೆ 27 ಔಟುಗಳು. ಈ 27ನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ರಾತ್ರಿ ಊಟವಾದ ಮೇಲೆ ಹುಡುಗನು ಒಗಟು ಹಾಕುವನು.

“ತಾತ, ಒಂದೇ ಪಂದ್ಯದಲ್ಲಿ ಎರಡು ಪಕ್ಷಕ್ಕೂ ಆಡಿದವನು ಯಾರು?”

ಯುದ್ಧಕ್ಕೆ ಮೊದಲು ಪಕ್ಷ ಬದಲಿಸಿದ ಯುಯುತ್ಸುವನ್ನು ನಾವು ಬಲ್ಲೆವು. ಯುದ್ಧದ ನಡುವೆ ಬದಲಿಸಿದವನನ್ನು ಅರಿಯೆವು. ಉತ್ತರವನ್ನು ಆತನೇ ಹೇಳಿದನು. 2024ರ ಜೂನ್ 26ರಂದು ಬಾಸ್ಟನ್ ನಗರದಲ್ಲಿ ಟೊರಾಂಟೊ ಪಕ್ಷದ ಡ್ಯಾನಿ ಜಾನ್ಸೆನ್ ಎಂಬವನು ದಾಂಡು ಹಿಡಿದು ನಿಂತಿದ್ದಾಗ ಮಳೆ ಬಂದು ಪಂದ್ಯವು ನಿಂತಿತು. ಮುಂದಿನ ತಿಂಗಳು ಆತನು ಬಾಸ್ಟನ್ ಪಕ್ಷಕ್ಕೇ ಸೇರಿದನು. ಆಗಸ್ಟ್ 26ರಂದು ಅದೇ ಪಂದ್ಯವು ನಿಂತಲ್ಲಿಂದ ಮುಂದುವರಿಯಿತು. ತಾನು ಅರ್ಧಕ್ಕೆ ಬಿಟ್ಟ ಸರದಿಯನ್ನು ಬೇರೊಬ್ಬನು ಬಂದು ಆಡುತ್ತಿರಲು, ಜಾನ್ಸೆನ್ನನು ಅವನ ಹಿಂದೆಯೇ ಕುಳಿತು ಬಾಸ್ಟನ್ನಿನ ಪರವಾಗಿ ಚೆಂಡು ಹಿಡಿಯುತ್ತಿದ್ದನು!

ಮರುದಿನ ಇನ್ನೊಂದು. ಒಂದೇ ದಿನದಲ್ಲಿ ಎರಡು ಊರುಗಳಲ್ಲಿ ಎರಡು ಪಕ್ಷಗಳಿಗೆ ಹಿಟ್ ಗಳಿಸಿದವನು ಯಾರು? ಜೋಯಲ್ ಯಂಗ್‌ಬ್ಲಡ್. 1982ರ ಆಗಸ್ಟ್ 4ರಂದು ಹಗಲು ಶಿಕಾಗೋದಲ್ಲಿ ನ್ಯೂಯಾರ್ಕ್ ಪಕ್ಷಕ್ಕಾಗಿ ಹೊಡೆದನು. ಪಂದ್ಯದ ನಡುವೆಯೇ ಆತನನ್ನು ಮಾಂಟ್ರಿಯಲ್ ಪಕ್ಷಕ್ಕೆ ಕೊಟ್ಟುಬಿಟ್ಟರು. ಸಂಜೆ ವಿಮಾನವೇರಿ ಫಿಲಡೆಲ್ಫಿಯಾ ಸೇರಿ, ರಾತ್ರಿ ಹೊಸ ಪಕ್ಷಕ್ಕಾಗಿ ಹೊಡೆದನು.

ಸಹೋದರರಿಬ್ಬರು ಸೇರಿ ಹೊಡೆದ ಹೋಂ ರನ್ನುಗಳಲ್ಲಿ ಅತ್ಯಧಿಕವೆಷ್ಟು? ಆರನ್ ಸಹೋದರರ 768. ಅದರಲ್ಲಿ ಅಣ್ಣ ಹ್ಯಾಂಕನದು 755, ತಮ್ಮ ಟಾಮಿಯದು 13! ಇದನ್ನು ಕೇಳಿ ನಮ್ಮ ಗೃಹಿಣಿಯು, “ಒಟ್ಟು ಕುಟುಂಬದ ಲೆಕ್ಕವೆಂದರೆ ಹೀಗೆಯೇ” ಎಂದು ನಕ್ಕಳು.

ನಮ್ಮನ್ನು ಬೆರಗುಗೊಳಿಸಿದ್ದು ಸ್ಟ್ಯಾನ್ ಮ್ಯೂಸಿಯಲ್ ಎಂಬವನ ಲೆಕ್ಕ. 1941ರಿಂದ 1963ರ ವರೆಗೆ ಸೇಂಟ್ ಲೂಯಿಸ್ ಪಕ್ಷವೊಂದಕ್ಕೇ ಆಡಿದ ಆತನ ಹಿಟ್ಟುಗಳು 3630. ಅವುಗಳಲ್ಲಿ ತನ್ನ ಊರಿನಲ್ಲಿ ಹೊಡೆದವು 1815. ಪರಸ್ಥಳಗಳಲ್ಲಿ ಹೊಡೆದವೂ 1815. ತೂಗಿಟ್ಟರೂ ಹೀಗೆ ಸಮವಾಗದು. ಮರವನ್ನು ಕೊರೆಯುವ ಹುಳುವಿನ ದಾರಿಯು ತಾನಾಗಿ ಅಕ್ಷರದಂತೆ ಕಾಣುವುದನ್ನು ನಮ್ಮ ಶಾಸ್ತ್ರಕಾರರು ಘುಣಾಕ್ಷರನ್ಯಾಯವೆಂದರು. ಹುಳುವಿಗೆ ಬರೆಯುವ ಉದ್ದೇಶವಿಲ್ಲ. ಓದುವ ನಮಗೆ ಮಾತ್ರ ಅಕ್ಷರ. ಈ ನ್ಯಾಯವನ್ನು ಹುಡುಗನಿಗೆ ವಿವರಿಸಲು ಆತನು ಬಹು ಸಂತೋಷಪಟ್ಟು, ಮರುದಿನ ಗೆಳೆಯರಿಗೆಲ್ಲ ಹೇಳಿ ಬಂದನು.

ಇಷ್ಟರವರೆಗೆ ಎಲ್ಲವೂ ವಿನೋದವೇ. ಒಂದು ರಾತ್ರಿ ಟೆಡ್ ವಿಲಿಯಮ್ಸನ ಪ್ರಸಂಗ ಬಂದಿತು. ಸಾವಿರ ಸರದಿಗೆ 400 ಹಿಟ್ ಎಂಬ ಪ್ರಮಾಣವನ್ನು ಒಂದು ವರ್ಷವೆಲ್ಲ ಉಳಿಸಿಕೊಳ್ಳುವುದು ಆ ಆಟದಲ್ಲಿ ಅತಿ ದುರ್ಲಭ. 1941ರ ಸೆಪ್ಟೆಂಬರ್ 28, ಆ ವರ್ಷದ ಕಡೆಯ ದಿನ. ಅಂದು ಬೆಳಗ್ಗೆ ವಿಲಿಯಮ್ಸನ ಲೆಕ್ಕ 448 ಸರದಿಗಳಿಗೆ 179 ಹಿಟ್. ಎಂದರೆ ಸಾವಿರಕ್ಕೆ 399.55. ಭಿನ್ನವನ್ನು ಪೂರ್ಣಕ್ಕೆ ಏರಿಸುವ ಪದ್ಧತಿಯಂತೆ ಪುಸ್ತಕದಲ್ಲಿ 400 ಎಂದೇ ಬರೆಯುತ್ತಿದ್ದರು. ಬೇಕಾದರೆ ಆಡದೆ ಕುಳಿತಿರಬಹುದೆಂದು ಪಕ್ಷದ ಮೇಲಾಳು ಹೇಳಿದನು. ವಿಲಿಯಮ್ಸನು ಒಪ್ಪಲಿಲ್ಲ. ಅಂದಿನ ಎರಡು ಪಂದ್ಯಗಳನ್ನೂ ಆಡಿ, ಎಂಟು ಸರದಿಗಳಲ್ಲಿ ಆರು ಹಿಟ್ ಗಳಿಸಿ, 406ಕ್ಕೆ ಮುಗಿಸಿದನು. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡು ಕೂಟಗಳಲ್ಲಿ ಆಮೇಲೆ ಆ ಗಡಿಯನ್ನು ಯಾರೂ ಮುಟ್ಟಿಲ್ಲ.

ಇದನ್ನು ಕೇಳಿ ನಮಗೆ ಉತ್ಸಾಹವುಕ್ಕಿತು. “ಮಗು, ನಿನ್ನ ತಾತನೂ ಅಂಥವನೇ. ಮೂವತ್ತುಮೂರು ವರ್ಷ ಒಬ್ಬನಿಗೂ ಅರ್ಧ ಅಂಕವನ್ನು ದಾನ ಮಾಡಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಬರೆದದ್ದು ಬರೆದದ್ದೇ” ಎಂದೆವು.

ಹುಡುಗನು ಸ್ವಲ್ಪ ಯೋಚಿಸಿ, “ತಾತ, ನೀವು ತಪ್ಪು ಲೆಕ್ಕ ಹಾಕಿದ್ದರೆ?” ಎಂದನು. ಹಾಗೆಂದು ತನ್ನ ಊರಿನ ಕಡೆಯ ಕಥೆಯೊಂದನ್ನು ಹೇಳತೊಡಗಿದನು.

2010ರ ಜೂನ್ 2. ಡೆಟ್ರಾಯಿಟ್ಟಿನ ಮೈದಾನ. ಅರ್ಮಾಂಡೊ ಗಲರಾಗ ಎಂಬವನು ಕ್ಲೀವ್‌ಲೆಂಡ್ ಪಕ್ಷಕ್ಕೆ ಚೆಂಡೆಸೆಯುತ್ತಿದ್ದನು. ಎದುರು ಪಕ್ಷದ 27 ಮಂದಿಯನ್ನೂ, ಒಬ್ಬನಿಗೂ ಬೇಸ್ ಮುಟ್ಟಲು ಬಿಡದೆ, ಸಾಲಾಗಿ ಔಟು ಮಾಡಿದರೆ ಅದು ‘ಪರಿಪೂರ್ಣ ಪಂದ್ಯ’. ಎರಡು ಲಕ್ಷಕ್ಕೂ ಮಿಕ್ಕ ಪಂದ್ಯಗಳಲ್ಲಿ 2023ರ ಕೊನೆಯವರೆಗೆ ಅಂಥವು 24 ಮಾತ್ರ. ಅಂದು 26 ಮಂದಿ ಔಟಾಗಿದ್ದರು. ಇಪ್ಪತ್ತೇಳನೆಯವನು ಹೊಡೆದ ಚೆಂಡು ಉರುಳಿತು. ಜೊತೆಗಾರನು ಅದನ್ನು ಹಿಡಿದು ಎಸೆದನು. ಗಲರಾಗನು ಓಡಿ ಬಂದು ಚೆಂಡನ್ನು ಕೈಗೊಂಡು ಬೇಸ್ ತುಳಿದನು. ಹೊಡೆದವನು ಇನ್ನೂ ಒಂದು ಹೆಜ್ಜೆ ಹಿಂದಿದ್ದನು. ಆದರೆ ಜಿಮ್ ಜಾಯ್ಸ್ ಎಂಬ ಅಂಪೈರ್ ಎರಡು ಕೈಗಳನ್ನೂ ಚಾಚಿ ಔಟಲ್ಲವೆಂದನು.

ಗಲರಾಗನು ಜಗಳವಾಡಲಿಲ್ಲ. ಒಮ್ಮೆ ಮುಗುಳ್ನಕ್ಕು, ಮರಳಿ ತನ್ನ ಸ್ಥಾನಕ್ಕೆ ಹೋಗಿ, ಮುಂದಿನವನನ್ನು ಔಟು ಮಾಡಿ ಪಂದ್ಯ ಮುಗಿಸಿದನು. ಆಮೇಲೆ ಚಿತ್ರವನ್ನು ನೋಡಿದ ಅಂಪೈರನಿಗೆ ತನ್ನ ತಪ್ಪು ತಿಳಿಯಿತು. ಆತನು ಆ ರಾತ್ರಿಯೇ ಗಲರಾಗನನ್ನು ಕಂಡು, ಕಣ್ಣೀರಿಟ್ಟು ಕ್ಷಮೆ ಬೇಡಿದನು. ಮರುದಿನವೂ ಅಲ್ಲಿಯೇ ಪಂದ್ಯ, ಜಾಯ್ಸನೇ ಅಂಪೈರ್. ಆಟಗಾರರ ಹೆಸರುಪಟ್ಟಿಯನ್ನು ಅಂಪೈರನ ಕೈಗೆ ಕೊಡಲು ಬಂದವನು ಗಲರಾಗ. ಇಬ್ಬರೂ ಕೈಕುಲುಕಿದರು. ಆಡಳಿತದವರು ತೀರ್ಪನ್ನು ತಿದ್ದಲಿಲ್ಲ. ಪುಸ್ತಕದಲ್ಲಿ ಇಂದಿಗೂ ಅದು ಪರಿಪೂರ್ಣ ಪಂದ್ಯವಲ್ಲ.

“ತಪ್ಪು ಮಾಡಿದೆ ಅಂತ ಅವನೇ ಹೋಗಿ ಹೇಳಿದ, ತಾತ” ಎಂದು ಹುಡುಗನು ಮಲಗಲು ಹೋದನು. ನಮಗೆ ಅಂದು ನಿದ್ರೆ ಬರಲಿಲ್ಲ.

ವಾಚಕರೊಡನೆ ಮುಚ್ಚುಮರೆಯೇಕೆ? 2001ರಲ್ಲಿ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗನಿಗೆ ನಾವು ಸಂಸ್ಕೃತದಲ್ಲಿ 29 ಅಂಕ ಕೊಟ್ಟೆವು. ಉತ್ತೀರ್ಣನಾಗಲು 35 ಬೇಕು. ಮಿಕ್ಕ ವಿಷಯಗಳಲ್ಲೆಲ್ಲ ಆತನು ತೇರ್ಗಡೆಯಾಗಿದ್ದನು. ಫಲಿತಾಂಶವನ್ನು ಹಚ್ಚಿದ ಎರಡು ವಾರಗಳ ಮೇಲೆ ಉತ್ತರಪತ್ರಿಕೆಗಳನ್ನು ಕಟ್ಟಿಡುವಾಗ ನೋಡುತ್ತೇವೆ: ಕಡೆಯ ಪುಟದ 12 ಅಂಕಗಳನ್ನು ಕೂಡಿಸಲು ಮರೆತಿದ್ದೆವು. ಹುಡುಗನಿಗೆ ಬರಬೇಕಾದುದು 41. ಮುಖ್ಯೋಪಾಧ್ಯಾಯರ ಬಳಿಗೆ ಹೋಗಬೇಕೆಂದು ಎದ್ದೆವು, ನಾಳೆಯೆಂದು ಕುಳಿತೆವು. ನಮ್ಮ ಲೆಕ್ಕ ತಪ್ಪುವುದಿಲ್ಲವೆಂಬ ಕೀರ್ತಿಯೊಂದಿತ್ತಲ್ಲ! ಶಾಲೆ ತೆರೆದಾಗ ಹೇಳಿದರಾಯಿತೆಂದುಕೊಂಡೆವು. ಶಾಲೆ ತೆರೆದಾಗ ಹುಡುಗನು ಬರಲಿಲ್ಲ. ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತನೆಂದು ಕೇಳಿದೆವು. ಉತ್ತರಪತ್ರಿಕೆಗಳು ಕಾಲಕ್ರಮದಲ್ಲಿ ರದ್ದಿಗೆ ಹೋದುವು. ಆ 41ನ್ನು ಬಲ್ಲವರು ಲೋಕದಲ್ಲಿ ನಾವೊಬ್ಬರೇ ಉಳಿದೆವು.

ಮುಂದಿನ ದಿನಗಳಲ್ಲಿ ನಾವೇ ಹುಡುಗನನ್ನು ಕೇಳಿದೆವು: ಪುಸ್ತಕದ ತಪ್ಪನ್ನು ಎಂದಾದರೂ ತಿದ್ದಿದ್ದುಂಟೇ? ಉಂಟು ಎಂದನು. 1930ರಲ್ಲಿ ಶಿಕಾಗೋದ ಹ್ಯಾಕ್ ವಿಲ್ಸನ್ ತನ್ನ ಹೊಡೆತಗಳಿಂದ ಪಕ್ಷಕ್ಕೆ ತಂದ ಓಟಗಳು 190 ಎಂದು ಬರೆದಿದ್ದರು. ಒಂದು ವರ್ಷದಲ್ಲಿ ಅಷ್ಟು ತಂದವರು ಬೇರೆ ಯಾರೂ ಇಲ್ಲ. ಅವನದೊಂದು ಓಟವು ಜೊತೆಗಾರನ ಹೆಸರಿಗೆ ಸೇರಿದ್ದಿತು. 1999ರಲ್ಲಿ ಅದನ್ನು 191 ಎಂದು ತಿದ್ದಿದರು. ಆದರೆ ವಿಲ್ಸನ್ನನು 1948ರಲ್ಲಿಯೇ ಬಡತನದಲ್ಲಿ ತೀರಿಕೊಂಡಿದ್ದನು. ಇದಕ್ಕಿಂತ ದೊಡ್ಡದು ಜಾಶ್ ಗಿಬ್ಸನ್ನನ ಕಥೆ. ಕರಿಯರನ್ನು ದೊಡ್ಡ ಕೂಟಗಳಿಗೆ ಸೇರಿಸದಿದ್ದ ಕಾಲದಲ್ಲಿ ಅವರು ತಮ್ಮವೇ ಕೂಟಗಳಲ್ಲಿ ಆಡುತ್ತಿದ್ದರು. ಆ ಲೆಕ್ಕವು ದೊಡ್ಡ ಪುಸ್ತಕಕ್ಕೆ ಸೇರುತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ಸೇರಿಸಿದರು. ಕೂಡಲೇ ಜೀವಮಾನದ ಸರಾಸರಿಯಲ್ಲಿ ಸಾವಿರಕ್ಕೆ 372ರಂತೆ ಗಿಬ್ಸನ್ನನು ಎಲ್ಲರಿಗಿಂತಲೂ ಮೇಲೆ ನಿಂತನು. ಬಹುಕಾಲ ಮೊದಲಿಗನಾಗಿದ್ದ ಟೈ ಕಾಬ್ 367ರೊಡನೆ ಎರಡನೆಯವನಾದನು. ಗಿಬ್ಸನ್ನನು ಸತ್ತದ್ದು 1947ರ ಜನವರಿಯಲ್ಲಿ. ಜಾಕಿ ರಾಬಿನ್ಸನ್ನನು ದೊಡ್ಡ ಕೂಟದೊಳಗೆ ಕಾಲಿಟ್ಟು ಆ ಕಟ್ಟನ್ನು ಮುರಿದದ್ದು ಅದೇ ವರ್ಷದ ಏಪ್ರಿಲ್ಲಿನಲ್ಲಿ.

ಪುಸ್ತಕಕ್ಕೆ ಅವಸರವಿಲ್ಲ, ಅದು ನೂರು ವರ್ಷ ಕಾಯಬಲ್ಲುದು. ಮನುಷ್ಯನು ಕಾಯಲಾರನು. ಪುಸ್ತಕವನ್ನು ತಿದ್ದಲಾಗದ ಜಾಯ್ಸನು ಆ ರಾತ್ರಿಯೇ ಮನುಷ್ಯನ ಬಳಿಗೆ ಹೋದನು. ನಮಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಊರಿಗೆ ಮರಳಿದ ನಾಲ್ಕನೆಯ ದಿನ ಆ ಗಿರಣಿಯನ್ನು ಹುಡುಕಿಕೊಂಡು ಹೋದೆವು. ಈಗ ಅದು ಆತನದೇ. ತಲೆಯ ಮೇಲೆಲ್ಲ ಹಿಟ್ಟು. ಕೂದಲು ನರೆತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಗುರುತು ಹಿಡಿದು, “ಬನ್ನಿ ಮೇಷ್ಟರೇ” ಎಂದು ಸ್ಟೂಲನ್ನು ಒರೆಸಿ ಕೂರಿಸಿದನು. ಯಂತ್ರವನ್ನು ನಿಲ್ಲಿಸಹೇಳಿ, ಇದ್ದುದನ್ನು ಇದ್ದಂತೆ ಹೇಳಿದೆವು.

ಆತನು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ನಮ್ಮಪ್ಪ ಸಾಯೋ ತನಕ ನನ್ನನ್ನು ದಡ್ಡ ಅಂತಲೇ ತಿಳಿದಿದ್ದರು, ಮೇಷ್ಟರೇ” ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಅಷ್ಟರಲ್ಲಿ ಆತನ ಮಗಳು ಶಾಲೆಯಿಂದ ಬಂದಳು. ಆಕೆಯೂ ಒಂಬತ್ತನೆಯ ತರಗತಿಯಂತೆ. “ಇಲ್ಲಿ ಬಾರಮ್ಮ, ಇವರು ನಮ್ಮ ಮೇಷ್ಟರು. ನಾನು ಪಾಸಾಗಿದ್ದೆನಂತೆ ಕಣೇ” ಎಂದನು. ಹುಡುಗಿಯು ನಂಬದೆ ನಮ್ಮ ಮುಖವನ್ನು ನೋಡಿದಳು. ಆತನು ಲೆಕ್ಕ ಬರೆಯುವ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ನಮ್ಮ ಮುಂದಿಟ್ಟು, “ಬರೆದುಕೊಡಿ ಮೇಷ್ಟರೇ” ಎಂದನು.

ಆತನ ಹೆಸರು, ತರಗತಿ, ವರ್ಷ, ಅದರ ಕೆಳಗೆ ಸಂಸ್ಕೃತ, 41 ಎಂದು ಬರೆದು ರುಜು ಹಾಕಿದೆವು. ಹುಡುಗಿಯು ಅದನ್ನು ಓದಿ ಮಡಿಸಿ ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. ಆತನು ಹೋಗಿ ಮತ್ತೆ ಯಂತ್ರವನ್ನು ಹಾಕಿದನು.