ಹಾಲು, ಕಾಲು, ಸಾಲು ಮತ್ತು ನಮ್ಮ ಸ್ಪೀಕರ್ ಪೆಟ್ಟಿಗೆ

ಸ್ಪೀಕರ್ ಮುಂದಕ್ಕೆ ಎಷ್ಟು ಶಬ್ದ ಮಾಡುತ್ತದೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಬಹಳ ಜನ ಇದನ್ನು ಗಮನಿಸಿರುವುದಿಲ್ಲ. ಪೆಟ್ಟಿಗೆಯಿಲ್ಲದ ಬರೀ ಸ್ಪೀಕರನ್ನು ಮೇಜಿನ ಮೇಲಿಟ್ಟು ಒಂದು ಹಾಡು ಹಾಕಿ ನೋಡಿ, ತಮಟೆಯ ಗುಮ್ಮೆನ್ನುವ ಪೆಟ್ಟು ಕೇಳುವುದೇ ಇಲ್ಲ. ಕಾಗದದ ಕೋನ್ ಮುಂದಿನ ಗಾಳಿಯನ್ನು ತಳ್ಳುವ ಹೊತ್ತಿಗೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ತಗ್ಗಿನ ಸ್ವರಗಳಲ್ಲಿ ಎರಡೂ ಸೇರಿ ಒಂದನ್ನೊಂದು ನುಂಗಿಬಿಡುತ್ತವೆ. ಟೇಪ್ ರೆಕಾರ್ಡರ್ ಕಾಲದಲ್ಲಿ ಊರಿನ ಹುಡುಗರು ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುತ್ತಿದ್ದದ್ದು ನೆನಪಿದೆಯೇ? ಕಾರಣ ಗೊತ್ತಿತ್ತೋ ಇಲ್ಲವೋ, ಉಪಾಯವಂತೂ ಸರಿಯಾಗಿತ್ತು.

ನಮಗೆ ಈ ಹುಚ್ಚು ಹಿಡಿದದ್ದು ಮಳೆಯಿಂದ. ನಡುವಟ್ಟಂನಲ್ಲಿ ಜೂನ್ ತಿಂಗಳು ಹಿಡಿದರೆ ಮಳೆ ಬಿಡುವುದು ಯಾವಾಗ ಎಂದು ಕೇಳಬಾರದು. ತಗಡಿನ ಶೀಟಿನ ಮೇಲೆ ಅದು ಸುರಿಯತೊಡಗಿದರೆ ಮೂರನೆಯ ಬೆಂಚಿಗೆ ನಮ್ಮ ಗಂಟಲು ಮುಟ್ಟುವುದಿಲ್ಲ. ಮಕ್ಕಳಿಗೆ ಬಸ್ಸಿನಲ್ಲಿ ತಮಿಳು, ಗೂಡಲೂರಿನ ಅಂಗಡಿಗಳಲ್ಲಿ ತಮಿಳಿನ ಜೊತೆ ಮಲಯಾಳ. ಪುಸ್ತಕದ ಕನ್ನಡ ಕಿವಿಗೆ ಬೀಳುವುದು ತರಗತಿಯಲ್ಲಿ ಮಾತ್ರ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ. ಎರಡು ಲಿಪಿ ಒಟ್ಟೊಟ್ಟಿಗೆ ಕಲಿಯುವ ಮಗುವಿಗೆ ಕಿವಿಯೇ ಗುರು. ಆ ಕಿವಿಗೆ ಅಕ್ಷರ ತಲುಪದಿದ್ದರೆ ಕಾಗುಣಿತದ ಕೋಷ್ಟಕ ಎಷ್ಟು ತಿದ್ದಿಸಿ ಏನು ಪ್ರಯೋಜನ?

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಆರಿಂಚಿನ ಸ್ಪೀಕರ್, 4440 ಐಸಿಯ ಒಂದು ಬೋರ್ಡ್ ತಂದೆವು. 12 ವೋಲ್ಟಿನ ಬ್ಯಾಟರಿ ಸಾಕು, ಮಳೆಯಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ಮೊದಲಿಗೆ ಅಟ್ಟದ ಮೇಲಿದ್ದ ಹಳೆಯ ಟೀ ಪೆಟ್ಟಿಗೆಗೇ ಸ್ಪೀಕರ್ ಕೂರಿಸಿದೆವು. ಈಗ ಟೀ ಪುಡಿ ಕಾಗದದ ಚೀಲದಲ್ಲಿ ಹೋಗುತ್ತದೆ, ಹಿಂದೆ ಪ್ಲೈವುಡ್ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಆ ಹಲಗೆ ತೀರಾ ತೆಳು. ನಮ್ಮ ಮನೆಯವರು ಕೇಳಿ, "ಡಬ್ಬದೊಳಗೆ ಜೀರುಂಡೆ ಸಿಕ್ಕಿಕೊಂಡಿದೆಯಾ?" ಎಂದರು.

ಆಮೇಲೆ 12 ಮಿಲಿಮೀಟರ್ ಪ್ಲೈವುಡ್ ತಂದು ಹಿಂದಿನ ಹಾರ್ನ್ ಕಟ್ಟಿದೆವು. ಇದರ ತತ್ವ ನೀಲಗಿರಿಯವರಿಗೆ ಹೊಸದೇನಲ್ಲ. ಕೋತರ ಕೊಂಬನ್ನು ನೋಡಿದ್ದೀರಲ್ಲ, ಊದುವ ಕಡೆ ಸಣ್ಣ, ಹೊರಬಾಯಿ ಅಗಲ. ಹಾಗೆಯೇ ಸ್ಪೀಕರಿನ ಬೆನ್ನಿನಿಂದ 4 ಸೆಂಟಿಮೀಟರ್ ಎತ್ತರದ ಸಂದು ಹೊರಟು, ಪೆಟ್ಟಿಗೆಯೊಳಗೇ ಮಡಚಿ ಮಡಚಿ ಬಂದು, ಹಿಂಭಾಗದಲ್ಲಿ 30 ಸೆಂಟಿಮೀಟರ್ ಎತ್ತರದ ಬಾಯಾಗಿ ತೆರೆಯುತ್ತದೆ. ತಗ್ಗಿನ ಸ್ವರಕ್ಕೆ ಬಾಯಿ ಇನ್ನೂ ಬಹಳ ದೊಡ್ಡದಿರಬೇಕು. 50 ಹರ್ಟ್ಸಿನ ಸ್ವರದ ತರಂಗ ಸುಮಾರು 6.8 ಮೀಟರ್ ಉದ್ದ, ಬಾಯಿಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟಿರಬೇಕು. ಅಷ್ಟು ದೊಡ್ಡ ಪೆಟ್ಟಿಗೆ ಇಟ್ಟರೆ ಮಕ್ಕಳು ಹೊರಗೆ ಕೂರಬೇಕಾದೀತು! ಅಮೆರಿಕದ ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರು: ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಇಡುವುದು, ಎರಡು ಗೋಡೆಗಳೇ ಹಾರ್ನಿನ ಮುಂದುವರಿದ ಭಾಗವಾಗುತ್ತವೆ. ನಾವೂ ಮೂಲೆಗೆ ಬೆನ್ನು ಮಾಡಿ ಇಟ್ಟೆವು. ಹಾಡು ಹಾಕಿದರೆ ಆಹಾ... ಆ ಆರಿಂಚಿನ ಕಾಗದದಿಂದ ಇಷ್ಟು ಗಂಭೀರ ನಾದವೇ ಎನ್ನಿಸಿತು.

ಆದರೆ ನಮ್ಮ ಪರೀಕ್ಷೆ ಹಾಡಲ್ಲ, ಉಕ್ತಲೇಖನ. ಮೊಬೈಲಿನಲ್ಲಿ ಹಾಲು, ಕಾಲು, ಸಾಲು, ಪಾಲು ಎಂದು ಓದಿ ದಾಖಲಿಸಿ, ಮಳೆ ಬರುವ ಹೊತ್ತಿಗೆ ಕೇಳಿಸಿದೆವು. ಮುಂದಿನ ಬೆಂಚಿನವರು ಸರಿಯಾಗಿ ಬರೆದರು. ಕಿಟಕಿ ಬದಿಯ ಮಕ್ಕಳು ಹಾಲಿಗೆ ಕಾಲು ಬರೆದರು, ಸಾಲಿಗೆ ಹಾಲು ಬರೆದರು. 'ಆಲು' ಮಾತ್ರ ಎಲ್ಲರಿಗೂ ತಲುಪಿತ್ತು!

ಕಾರಣ ಎರಡು. ಸ್ಪೀಕರಿನ ಬೆನ್ನಿನಿಂದ ಹಾರ್ನಿನೊಳಗೆ ಸುತ್ತಿ ಮುಂದಕ್ಕೆ ಬರಲು ಶಬ್ದಕ್ಕೆ ಸುಮಾರು 1.7 ಮೀಟರ್ ದಾರಿ, ಎಂದರೆ 5 ಮಿಲಿಸೆಕೆಂಡ್. 100 ಹರ್ಟ್ಸಿನಲ್ಲಿ ಇದು ಅರ್ಧ ತರಂಗ. ಹಿಂದಿನ ಶಬ್ದ ಮೊದಲೇ ತಿರುವುಮುರುವಾಗಿ ಹೊರಟಿರುವುದರಿಂದ ಅರ್ಧ ತರಂಗ ತಡವಾದರೆ ಮುಂದಿನದಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ. 200 ಹರ್ಟ್ಸಿನಲ್ಲಿ ಅದೇ ದಾರಿ ಪೂರ್ಣ ತರಂಗ, ಆಗ ಕಳೆಯುತ್ತದೆ. ಹೀಗೆ ಒಂದು ಕಡೆ ಗುಂ ಎಂದು ಉಬ್ಬು, ಇನ್ನೊಂದು ಕಡೆ ತಗ್ಗು. ಎರಡನೆಯ ಕಾರಣ, ಸ್ವರಾಕ್ಷರಗಳ ಬಲ ತಗ್ಗಿನಲ್ಲಿದ್ದರೆ 'ಸ'ಕಾರದ ಸುಯ್ ಎನ್ನುವುದು 4000 ಹರ್ಟ್ಸಿನಿಂದಾಚೆ. ಅಷ್ಟು ಎತ್ತರದ ಶಬ್ದವನ್ನು ಆರಿಂಚಿನ ಕೋನ್ ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಬಿಡುತ್ತದೆ. ಪಕ್ಕದ ಬೆಂಚಿಗೆ ನೆರಳು.

ಹಾರ್ನಿನ ಬಾಯಿಗೆ ಹಳೆಯ ಕಂಬಳಿ ತುರುಕಿದೆವು, ಗುಂ ಇಳಿಯಿತು. ಪೆಟ್ಟಿಗೆಯ ಬೆನ್ನಿಗೆ ಎರಡಿಂಚಿನ ಚಿಕ್ಕ ಸ್ಪೀಕರನ್ನು 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಜೋಡಿಸಿ, ಪೆಟ್ಟಿಗೆಯನ್ನು ಮೂಲೆಯಿಂದ ತಂದು ಕರಿಹಲಗೆಯ ಕೆಳಗೆ, ಗೋಡೆಯಿಂದ ಒಂದಡಿ ಮುಂದಕ್ಕೆ ಇಟ್ಟೆವು. ಗೋಡೆಗೆ ಬಡಿದ ಶಬ್ದ ಅಕ್ಕಪಕ್ಕಕ್ಕೂ ಚದುರುತ್ತದೆ. ಎರಡು ಮಿಲಿಸೆಕೆಂಡಿನಷ್ಟು ತಡವಾಗಿ ಬಂದರೂ ಕಿವಿ ಅದನ್ನು ಪ್ರತಿಧ್ವನಿ ಎನ್ನುವುದಿಲ್ಲ, ಮೊದಲಿನದರ ಜೊತೆಗೇ ಸೇರಿಸಿಕೊಳ್ಳುತ್ತದೆ. ಬಂಗಾಳಿ ತಂದೆಯ ಮಗ ಅಮರ್ ಬೋಸ್ 1968ರಲ್ಲಿ ತಂದ 901 ಎಂಬ ಸ್ಪೀಕರಿನಲ್ಲಿ ಒಂಬತ್ತರಲ್ಲಿ ಎಂಟು ಗೋಡೆಯ ಕಡೆಗೇ ಮುಖ ಮಾಡಿದ್ದವು. ಸಂಗೀತಕ್ಕೆ ಎಂಟು ಜಾಸ್ತಿಯಾಯಿತೇನೋ ಎಂದು ನಮ್ಮ ಅನಿಸಿಕೆ. ಪಾಠಕ್ಕಂತೂ ಒಂದೇ ಸಾಕು.

ಮರುದಿನ ಮಳೆ ಇನ್ನೂ ಜೋರು. ಪದಗಳ ಕ್ರಮ ಬದಲಿಸಿ ಕೇಳಿಸಿದೆವು. ಕಿಟಕಿ ಬದಿಯಲ್ಲಿ ಸಾಲು ಸಾಲಾಗಿಯೇ ಬಂತು, ಹಾಲೂ ಬಂತು. ಪಾಲು ಮಾತ್ರ ಇಬ್ಬರಿಗೆ ಇನ್ನೂ ಬಾಲು. ಅದು ಸ್ಪೀಕರಿನ ಕೆಲಸವಲ್ಲ, ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡುವ ನಮ್ಮ ಕೆಲಸ.

ವಾರ್ಷಿಕೋತ್ಸವದ ದಿನ ಪೆಟ್ಟಿಗೆ ಮತ್ತೆ ಮೂಲೆಗೆ ಹೋಗುತ್ತದೆ, ಕಂಬಳಿ ಹೊರಗೆ ಬರುತ್ತದೆ, ಹುಡುಗರು ಕುಣಿಯುತ್ತಾರೆ. ಮಾರನೆಯ ಬೆಳಗ್ಗೆ ಅದನ್ನು ಬಿಸಿಲಿದ್ದರೆ ಒಣಗಿಸಿ ತಿರುಗಿ ತುರುಕುವುದು ಕಿಟಕಿ ಬದಿಯ ಬೆಂಚಿನವರ ಪಾಳಿ.