9999 ಇನ್ 1

ಟಿವಿಗೆ ಸಿಕ್ಕಿಸಿ ಆಡೋ ವಿಡಿಯೋ ಗೇಮ್ ಕ್ಯಾಸೆಟ್ ನೆನಪಿದೆಯಾ ನಿಮಗೆ? ಮೇಲೆ ದಪ್ಪಕ್ಷರದಲ್ಲಿ '9999 ಇನ್ 1' ಅಂತ ಇರ್ತಿತ್ತು. ಹಾಕಿ ನೋಡಿದ್ರೆ ಇದ್ದಿದ್ದು ಹತ್ತೋ ಹದಿನೈದೋ ಆಟ ಅಷ್ಟೇ. ಮಾರಿಯೋ, ಕಾಂಟ್ರಾ, ಟ್ಯಾಂಕ್ ಆಟ, ಬಾತುಕೋಳಿ ಹೊಡೆಯೋದು. ಮುಂದಿನ ಪೇಜಿಗೆ ಹೋದ್ರೆ ಮತ್ತೆ ಅವೇ... ಹೆಸರು ಬೇರೆ, ಇಲ್ಲಾಂದ್ರೆ ಮೂರನೇ ಲೆವೆಲ್‌ನಿಂದ ಶುರು ಆಗೋದು, ಅಥವಾ ಲೈಫ್ ಜಾಸ್ತಿ. ಆದ್ರೂ ನಾನು, ನನ್ನ ತಮ್ಮ ಪೂರ್ತಿ ಒಂದು ಮಧ್ಯಾಹ್ನ ಕೂತು ಪೇಜ್ ತಿರುಗಿಸಿದ್ದೀವಿ, ಎಲ್ಲಾದ್ರೂ ಒಂದು ಹೊಸ ಆಟ ಸಿಗುತ್ತೇನೋ ಅಂತ :)

ಅಪ್ಪಂದು ಸರ್ಕಾರಿ ನೌಕರಿ. ಚನ್ನಗಿರಿ, ಹೊನ್ನಾಳಿ, ಜಗಳೂರು ಅಂತ ದಾವಣಗೆರೆ ಜಿಲ್ಲೆ ಒಳಗೇ ಸುತ್ತಾಟ. ರಜೆ ಬಂತಂದ್ರೆ ನ್ಯಾಮತಿ, ಅಜ್ಜಿ ಮನೆ. (ಆಗಿನ್ನೂ ನ್ಯಾಮತಿ ತಾಲ್ಲೂಕು ಆಗಿರ್ಲಿಲ್ಲ, ಹೊನ್ನಾಳಿಗೇ ಸೇರಿತ್ತು.) ಊರು ಬದಲಾದಾಗೆಲ್ಲ ಶಾಲೆ, ಗೆಳೆಯರು ಬದಲಾಗ್ತಿದ್ರು. ಕಣ್ಣಿಗೆ ಕಾಣೋದೂ ಅಷ್ಟೇ.. ಚನ್ನಗಿರಿಯಲ್ಲಿ ಅಡಿಕೆ ತೋಟ, ಹೊನ್ನಾಳಿಯಲ್ಲಿ ತುಂಗಭದ್ರೆ, ಜಗಳೂರಲ್ಲಿ ಮಳೆಗೆ ಕಾಯೋ ಬಯಲು. ಬದಲಾಗದೇ ಇದ್ದಿದ್ದು ಎರಡೇ: ಆ ಕ್ಯಾಸೆಟ್ಟು, ಮತ್ತೆ ಹೇಳದೇ ಕೇಳದೇ ಹೋಗೋ ಕರೆಂಟು.

ಈ ಕರೆಂಟಿನ ವಿಷಯ ಸ್ವಲ್ಪ ಹೇಳ್ಬೇಕು. ನಮ್ಮ ಕ್ಯಾಸೆಟ್ಟಲ್ಲಿ 'ಸೇವ್' ಅನ್ನೋದೇ ಇರ್ಲಿಲ್ಲ. 1987ರಲ್ಲಿ ಅಮೆರಿಕಕ್ಕೆ ಬಂದ ಝೆಲ್ಡಾ ಕ್ಯಾಸೆಟ್ಟಿನ ಒಳಗೆ ಒಂದು ಪುಟ್ಟ ಬ್ಯಾಟರಿ ಇಟ್ಟು, ಆಡಿದಷ್ಟನ್ನ ಉಳಿಸೋ ವ್ಯವಸ್ಥೆ ಇತ್ತು. ನಮಗೆ ಸಿಕ್ತಿದ್ದ ನಕಲಿ ಮಾಲಿಗೆ ಆ ಭಾಗ್ಯ ಎಲ್ಲಿ? ನಾಲ್ಕನೇ ಲೋಕದ ಕೋಟೆಗೆ ಬಂದಿರ್ತೀವಿ, ಫ್ಯಾನ್ ನಿಧಾನ ಆಗುತ್ತೆ, ಟಿವಿ ಡಬ್ ಅನ್ನುತ್ತೆ, ಮುಗೀತು. ಕರೆಂಟ್ ಬಂದ ಮೇಲೆ ಮತ್ತೆ 1-1. ಹೀಗಾಗಿ 1-1 ನಮಗೆ ಕಣ್ಮುಚ್ಚಿ ಆಡೋಷ್ಟು ಬಾಯಿಪಾಠ. ಓಣಿ ಹುಡುಗರೆಲ್ಲ ನೋಡೋಕೆ ಬರೋರು. ಆದ್ರೆ ಎಂಟನೇ ಲೋಕ ಹೇಗಿದೆ ಅಂತ ನಾನು ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಲ್ಲಿ, ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ!

ಮೊನ್ನೆ ರೆಸ್ಯೂಮೆ ಅಪ್ಡೇಟ್ ಮಾಡ್ತಾ ಕೂತಾಗ ಇದೆಲ್ಲ ತಲೆಗೆ ಬಂತು. ಆರು ವರ್ಷ, ಎರಡು ಕಂಪನಿ, ಐದು ಪ್ರಾಜೆಕ್ಟ್. ನೋಡೋಕೆ ಭರ್ಜರಿಯಾಗಿದೆ. ಒಂದರಲ್ಲಿ ಬ್ಯಾಂಕು, ಒಂದರಲ್ಲಿ ಇನ್ಶೂರೆನ್ಸು, ಒಂದರಲ್ಲಿ ವಿಮಾನದ ಟಿಕೆಟ್ಟು. ಆದ್ರೆ ಐದರಲ್ಲೂ ನಾನು ಮಾಡಿದ್ದೇನು? ಟಿಕೆಟ್ ಬರುತ್ತೆ, ಲಾಗ್ ನೋಡು, ಸರ್ವೀಸ್ ರೀಸ್ಟಾರ್ಟ್ ಮಾಡು, ಮೇಲ್ ಕಳಿಸು. ಐದನೇ ಪ್ರಾಜೆಕ್ಟಲ್ಲಿ ಲೈಫ್ ಸ್ವಲ್ಪ ಜಾಸ್ತಿ ಇತ್ತು ಅನ್ನೋದು ಬಿಟ್ರೆ ಅದೇ ಆಟ. ನನ್ನ ರೆಸ್ಯೂಮೆ ಒಂದು 9999 ಇನ್ 1 ಕ್ಯಾಸೆಟ್ಟು ಕಣ್ರೀ.

ಹಾಗಂತ 1-1 ಅಂದ್ರೆ ಕೀಳಲ್ಲ. 1985ರಲ್ಲಿ ಬಂದ ಸೂಪರ್ ಮಾರಿಯೋದ ಆ ಮೊದಲ ಲೆವೆಲ್ ಇದೆಯಲ್ಲ, ಮಿಯಾಮೋಟೊ ಮತ್ತವನ ತಂಡ ಒಂದಕ್ಷರ ಬರೆಯದೇ ಪಾಠ ಹೇಳಿಕೊಡೋ ಲೆವೆಲ್ ಅದು. ಮಾರಿಯೋ ಎಡಗಡೆ ನಿಂತಿರ್ತಾನೆ, ಬಲಗಡೆ ಖಾಲಿ ಜಾಗ, ಹಾಗಾಗಿ ನೀವೇ ಬಲಕ್ಕೆ ಹೋಗ್ತೀರ. ಎದುರಿಗೆ ಒಂದು ಪೆದ್ದು ಅಣಬೆ ರಾಕ್ಷಸ ಬರುತ್ತೆ, ಸತ್ತರೂ ನಷ್ಟ ಇಲ್ಲ, ಈಗ ತಾನೇ ಶುರು ಮಾಡಿದ್ದು. ಹಳ್ಳ ಹಾರೋದನ್ನ ಕಲಿಸೋಕೆ ಮೊದಲು ತಳ ಇರೋ ಹಳ್ಳ, ಬಿದ್ರೂ ಸಾಯಲ್ಲ. ಆಮೇಲೆ ತಳ ಇಲ್ಲದ್ದು. ಇಡೀ ಆಟ ಕೂತಿರೋದು 40 ಕಿಲೋಬೈಟಲ್ಲಿ. ಜಾಗ ಸಾಲದೇ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಬದಲಾಯಿಸಿದ್ದಾರೆ. (ನಮ್ಮ ಪ್ರಾಜೆಕ್ಟಿನ ಲಾಗಿನ್ ಪೇಜಲ್ಲಿರೋ ಲೋಗೋ ಒಂದೇ ಅದಕ್ಕಿಂತ ದೊಡ್ಡದು!) ನನ್ನ ಮೊದಲ ಕಂಪನಿಯಲ್ಲಿ 1-1 ಇರ್ಲೇ ಇಲ್ಲ. ಸೇರಿದ ಎರಡನೇ ದಿನವೇ ಪ್ರೊಡಕ್ಷನ್ ಸರ್ವರ್ ಪಾಸ್‌ವರ್ಡ್ ಕೊಟ್ಟು, 'ಹುಷಾರು' ಅಂದ್ರು. ಅದೇ ಟ್ರೈನಿಂಗು. ನೇರ ತಳ ಇಲ್ಲದ ಹಳ್ಳ.

ಇನ್ನು ಗೆಳೆಯರಲ್ಲಿ ಕೆಲವರು 1-2ರ ಪೈಪ್ ಹಿಡಿದೋರು. ಗೊತ್ತಲ್ಲ, ಆ ಲೆವೆಲ್‌ನಲ್ಲಿ ಮೇಲಿನ ಇಟ್ಟಿಗೆ ಮೇಲೆ ಓಡಿಕೊಂಡು ಹೋದ್ರೆ ಸೀದಾ ನಾಲ್ಕನೇ ಲೋಕಕ್ಕೆ ದಾರಿ. ವರ್ಷಕ್ಕೊಂದು ಕಂಪನಿ, ಸಂಬಳ ನಂದರ ಎರಡರಷ್ಟು. ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದರಲ್ಲಿ ಒಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಲೋ, ಈ ಡೆಡ್‌ಲಾಕ್ ಹೆಂಗೋ ಹುಡುಕೋದು, ನಮ್ ಟೀಮಲ್ಲಿ ಕೇಳಿದ್ರೆ ಮರ್ಯಾದೆ ಹೋಗುತ್ತೆ" ಅಂತಾನೆ. ನಾಲ್ಕನೇ ಲೋಕಕ್ಕೆ ಮೂರೇ ಲೈಫ್ ಇಟ್ಕೊಂಡು ಹೋದವನ ದನಿ ಅದು. ನಾನು ಹೇಳಿಕೊಡ್ತೀನಿ. ಲಾಗ್ ಓದೋದು ನಂಗೆ ಬಾಯಿಪಾಠ ತಾನೇ.

ಕಾಂಟ್ರಾದ ಚೀಟ್ ಕೋಡ್ ಬಗ್ಗೆಯೂ ಒಂದು ಮಾತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮೂವತ್ತು ಲೈಫ್! ಇದನ್ನ ಮೊದಲು ಬರೆದದ್ದು ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ, 1986ರ ಗ್ರೇಡಿಯಸ್ ಆಟಕ್ಕೆ. ಆಟ ಎಷ್ಟು ಕಷ್ಟ ಇತ್ತಂದ್ರೆ ಟೆಸ್ಟ್ ಮಾಡೋಕೆ ಅವನಿಗೇ ಆಡೋಕಾಗ್ತಿರ್ಲಿಲ್ಲ, ಅದಕ್ಕೆ ತನಗೋಸ್ಕರ ಒಂದು ಕಳ್ಳದಾರಿ ಇಟ್ಕೊಂಡ. ಅದು ತೆಗೆಯದೇ ಹಾಗೇ ಉಳೀತು, ಜಗತ್ತಿನ ಮಕ್ಕಳಿಗೆಲ್ಲ ಸಿಕ್ತು. 2020ರಲ್ಲಿ ಆತ ತೀರಿಕೊಂಡಾಗ ಪೇಪರ್‌ಗಳು ನೆನಪಿಸಿಕೊಂಡಿದ್ದು ಆ ಹತ್ತು ಗುಂಡಿಗಳನ್ನೇ. ನಾವು ರಿಲೀಸ್‌ಗೆ ಮುಂಚೆ ತೆಗೆಯೋಕೆ ಮರೆತ ಡೀಬಗ್ ಕೋಡಿಗೆ ಸಿಗೋದು ಮಾತ್ರ ಬೈಗುಳ :)

ಅಂದ ಹಾಗೆ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತಲ್ಲ, ನಾನು ಹೊಗಳ್ತಿರೋದು ಅದನ್ನಲ್ಲ. ಅದು ಆಟವೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಸರಿ, ರೆಸ್ಯೂಮೆ ಯಾಕೆ ತೆಗೆದೆ ಅಂತ ಹೇಳಿಬಿಡ್ತೀನಿ. ಕೈಯಲ್ಲಿ ಎರಡು ದಾರಿ ಇತ್ತು. ಒಂದು, ಬೇರೆ ಕಂಪನಿಯ ಆಫರ್. ಶೇಕಡ 40 ಜಾಸ್ತಿ ಸಂಬಳ, ಕೆಲಸ ಅದೇ ಸಪೋರ್ಟು. ಇನ್ನೊಂದು, ನಮ್ಮಲ್ಲೇ ಮೇಲಿನ ಫ್ಲೋರಿನ ಟೀಮು. ಅಲ್ಲಿ ಮೊದಲಿನಿಂದ ಒಂದು ಸಿಸ್ಟಮ್ ಕಟ್ತಿದ್ದಾರೆ. ಸಂಬಳ ಒಂದು ರೂಪಾಯಿ ಏರಲ್ಲ, ನನಗಿಂತ ನಾಲ್ಕು ವರ್ಷ ಚಿಕ್ಕವಳ ಹತ್ರ ಕೂತು ಕಲೀಬೇಕು, ವರ್ಷದ ಕೊನೆಯ ರೇಟಿಂಗ್ ಬಿದ್ದರೂ ಬೀಳಬಹುದು. ತಮ್ಮನ ಫೀಸು, ಮನೆ ಸಾಲ ಎಲ್ಲಾ ಇರುವಾಗ 40 ಪರ್ಸೆಂಟ್ ಬಿಡೋದು ಸಣ್ಣ ಮಾತಲ್ಲ. ಒಂದು ವಾರ ನಿದ್ದೆ ಇಲ್ಲ.

ಶುಕ್ರವಾರ ಮೇಲಿನ ಫ್ಲೋರಿಗೆ ಹೂಂ ಅಂದೆ. ರಾತ್ರಿ ನ್ಯಾಮತಿಗೆ ಫೋನ್ ಮಾಡಿದೆ, ಅಪ್ಪ ರಿಟೈರ್ ಆಗಿ ಈಗ ಅಲ್ಲೇ ಇದ್ದಾರೆ. ಅಮ್ಮ "ಹೆಣ್ಣಿನ ಕಡೆಯವ್ರು ಸಂಬಳ ಕೇಳಿದ್ರೆ ಏನಂತ ಹೇಳ್ಲೋ?" ಅಂದ್ರು. ಅಪ್ಪ ಫೋನ್ ತಗೊಂಡು, "ವರ್ಗ ಅಂದ್ಮೇಲೆ ಸಂಬಳ ಎಲ್ಲಿ ಏರುತ್ತೋ? ನಂಗೇನ್ ಏರಿತ್ತಾ? ಯಾವತ್ತು ರಿಪೋರ್ಟ್ ಮಾಡ್ಕೋಬೇಕು?" ಅಂತ ಕೇಳಿದ್ರು.

ಸೋಮವಾರ ಅಂದೆ.